ದೇವರ ಗೂಡಿನಲ್ಲಿದ್ದ ಕೆಂಪು ಗರಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಎರಡು ವರ್ಷ ಒಂದು ಬಾತುಕೋಳಿಯ ಗರಿ ಇತ್ತು. ಲಂಡನ್ನಿನ ಸಟನ್‌ನ ಈ ಫ್ಲ್ಯಾಟಿನಲ್ಲಿ ದೇವರಿಗೆಂದು ಬೇರೆ ಕೋಣೆಯಿಲ್ಲ. ಅಡುಗೆಮನೆಯ ಬಾಯ್ಲರಿನ ಪಕ್ಕದ ಕಪಾಟಿನಲ್ಲಿ ಮೇಲಿನ ಹಲಗೆಯೊಂದನ್ನು ಖಾಲಿ ಮಾಡಿ ದೇವರನ್ನು ಕೂರಿಸಿದ್ದೇವೆ. ತವರಿನಿಂದ ತಂದ ಬೆಳ್ಳಿಯ ಗಣಪತಿ, ಅತ್ತೆಯವರು ಕೊಟ್ಟ ಎಲ್ಲಮ್ಮನ ಫೋಟೊ, ಅವೆರಡರ ನಡುವೆ ಕೆಂಪು ನೀರಿನಲ್ಲಿ ಅದ್ದಿ ಒಣಗಿಸಿದ ಆ ಗರಿ. ನವರಾತ್ರಿಯ ಖಂಡೇ ಪೂಜೆಯ ದಿನ ಅದನ್ನು ಕೆಳಗಿಳಿಸಿ, ನನ್ನ ಸ್ಟೆತಾಸ್ಕೋಪು, ಗಂಡನ ಲ್ಯಾಪ್‌ಟಾಪು, ಕಾರಿನ ಕೀಲಿಗಳ ಜತೆ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಕೈಮುಗಿದಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ದೇವರ ಮೇಲಿನ ಸಿಟ್ಟಲ್ಲ ಅದು. ಆ ಗರಿಯನ್ನು ನನ್ನ ಕೈಗೆ ಕೊಟ್ಟವರ ಮೇಲಿನ ಸಿಟ್ಟು.

ಕೊಟ್ಟವರು ನಾನು ಕೆಲಸ ಮಾಡುವ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಹಿರಿಯ ಸರ್ಜನ್. ವಾರ್ಡಿನ ನರ್ಸಿನಿಂದ ಹಿಡಿದು ಗಾಡಿ ತಳ್ಳುವವರ ತನಕ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಇಲ್ಲಿ ಅದೇ ರೂಢಿ. ಧಾರವಾಡದಲ್ಲಿ ಬೆಳೆದ ನನ್ನ ಬಾಯಿಗೆ ಮಾತ್ರ ಅದು ಬರಲಿಲ್ಲ. ವಯಸ್ಸಿನಲ್ಲಿ, ವಿದ್ಯೆಯಲ್ಲಿ ನನಗಿಂತ ಅಷ್ಟು ದೊಡ್ಡವರನ್ನು ಹೆಸರಿನಿಂದ ಕರೆಯುವುದೆಂದರೆ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದಂತೆ. ‘ಸರ್’ ಎಂದೇ ಕರೆದೆ. ಅವರೂ ಬೇಡವೆನ್ನಲಿಲ್ಲ. ಮನೆಯಲ್ಲಿ ನನ್ನ ಗಂಡ ಅವರಿಗೆ ‘ನಿಮ್ಮ ಸಾಹೇಬ್ರು’ ಎಂದು ಹೆಸರಿಟ್ಟಿದ್ದ.

ಸರ್ ಹರೆಯದಲ್ಲಿ ಸೈನ್ಯದ ವೈದ್ಯರಾಗಿದ್ದರು. ಅವರಿದ್ದ ರೆಜಿಮೆಂಟು ಇನ್ನೊಂದರೊಳಗೆ ಸೇರಿ, ಆ ಇನ್ನೊಂದು ಮತ್ತೊಂದರೊಳಗೆ ಕರಗಿ, ಈಗ ಹಳೆಯ ಹೆಸರೂ ಉಳಿದಿಲ್ಲ. ಉಳಿದಿರುವುದು ಟೋಪಿಯ ಬಿಲ್ಲೆಯ ಹಿಂದೆ ಇಣುಕುವ ಒಂದು ಕೆಂಪು ಬಟ್ಟೆಯ ತುಂಡು. ಅದನ್ನು ಬಿಲ್ಲೆಯ ಸಮೇತ ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ತಮ್ಮ ಆಫೀಸಿನ ಗೋಡೆಗೆ ತೂಗುಹಾಕಿದ್ದರು. ಪದವಿ ಪತ್ರಗಳೆಲ್ಲ ಅದರ ಕೆಳಗೆ. ಮೊದಲ ಸಲ ಒಳಗೆ ಹೋದಾಗ ನಾನು ಅದನ್ನೇ ನೋಡುತ್ತ ನಿಂತೆ. ಅವರಿಗೆ ಖುಷಿಯಾಯಿತು. ‘ಅದರ ಕಥೆ ಊಟದ ದಿನ ಕೇಳುವಿಯಂತೆ’ ಎಂದರು.

ಊಟ ಎಂದರೆ ವಿಭಾಗದ ವರ್ಷದ ಊಟ. ಇಲ್ಲಿ ಕಿರಿಯ ವೈದ್ಯರು ಆಸ್ಪತ್ರೆ ಬದಲಿಸುವುದು ಆಗಸ್ಟಿನಲ್ಲಿ. ಹೊಸಬರಿಗೆ ದಾರಿ ಗೊತ್ತಾಗುವಷ್ಟರಲ್ಲಿ ಚಳಿ ಶುರುವಾಗಿರುತ್ತದೆ. ಆಗ ಸ್ಟೇಷನ್ನಿನ ಹತ್ತಿರದ ಒಂದು ಪಬ್ಬಿನ ಮಹಡಿಯಲ್ಲಿ ಎಲ್ಲರೂ ಸೇರುತ್ತೇವೆ. ಮಾಂಸ ತಿನ್ನದ ನನಗೆ ಪ್ರತಿ ವರ್ಷ ಅದೇ ಅಣಬೆಯ ಕಡುಬು. ಊಟ ಮುಗಿದು ಸಿಹಿ ವೈನಿನ ಬಾಟಲಿ ಎಡಪಕ್ಕದವರಿಂದ ಎಡಪಕ್ಕದವರಿಗೆ ಹೋಗತೊಡಗಿದಾಗ, ಅದೂ ಸೈನ್ಯದ ಶಾಸ್ತ್ರವೇ ಅಂತೆ, ಸರ್ ಎದ್ದು ನಿಲ್ಲುತ್ತಿದ್ದರು. ಚಮಚದಿಂದ ಗ್ಲಾಸು ತಟ್ಟುವ ಅಗತ್ಯವೂ ಇರಲಿಲ್ಲ. ಅವರು ಎದ್ದರೆ ಸದ್ದು ತಾನೇ ನಿಲ್ಲುತ್ತಿತ್ತು.

ಅವರು ಹೇಳುತ್ತಿದ್ದ ಕಥೆ ಇದು. ಅಮೆರಿಕದವರು ಬ್ರಿಟಿಷ್ ರಾಜನ ಕೈಯಿಂದ ಬಿಡಿಸಿಕೊಳ್ಳಲು ಹೋರಾಡುತ್ತಿದ್ದ ಕಾಲ. ಫಿಲಡೆಲ್ಫಿಯಾದ ಹತ್ತಿರ ಪೇಯೋಲಿ ಎಂಬಲ್ಲಿ ಅವರದೊಂದು ಪಡೆ ಬೀಡುಬಿಟ್ಟಿತ್ತು. ಕತ್ತಲಲ್ಲಿ ಬ್ರಿಟಿಷರು ಅದರ ಮೇಲೆ ಬಿದ್ದರು. ಕೈತಪ್ಪಿಯೂ ಒಂದು ಗುಂಡು ಹಾರಿ ಸದ್ದಾಗಬಾರದೆಂದು ಜನರಲ್ ತನ್ನವರ ಬಂದೂಕುಗಳಿಂದ ಕಿಡಿ ಹೊತ್ತಿಸುವ ಕಲ್ಲುಗಳನ್ನೇ ತೆಗೆಸಿದ್ದ. ಹಾಗಾಗಿ ಬಂದೂಕಿನ ಮೂತಿಗೆ ಸಿಕ್ಕಿಸಿದ ಬಯೋನೆಟ್ಟು ಮಾತ್ರ. ಗುಡಾರಗಳ ನಡುವೆ ಬೆಂಕಿಯ ಬೆಳಕಿನಲ್ಲಿ ಕಂಡಕಂಡವರನ್ನು ತಿವಿದರು. ಅಮೆರಿಕದವರು ಅದನ್ನು ಕದನ ಎನ್ನಲಿಲ್ಲ, ಕಗ್ಗೊಲೆ ಎಂದರು. ಆ ರಾತ್ರಿ ಬಂದವರು ಕೈಗೆ ಸಿಕ್ಕರೆ ಒಬ್ಬನನ್ನೂ ಉಳಿಸುವುದಿಲ್ಲವೆಂದು ಶಪಥ ಮಾಡಿದರು.

ಇಲ್ಲಿಗೆ ಬಂದಾಗ ಸರ್ ದನಿ ತಗ್ಗಿಸುತ್ತಿದ್ದರು. ಆ ದಾಳಿಯಲ್ಲಿದ್ದ ಒಂದು ತುಕಡಿಯವರು ಏನು ಮಾಡಿದರು? ಅಡಗಲಿಲ್ಲ. ತಮ್ಮ ಟೋಪಿಯ ಗರಿಗಳನ್ನು ಕೆಂಪು ಬಣ್ಣದಲ್ಲಿ ಅದ್ದಿದರು. ಸೇಡು ತೀರಿಸಿಕೊಳ್ಳುವವರು ನಮ್ಮನ್ನೇ ಗುರುತು ಹಿಡಿಯಲಿ, ನಾವು ಮಾಡಿದ್ದಕ್ಕೆ ಇನ್ನೊಬ್ಬರು ಸಾಯುವುದು ಬೇಡ ಎಂದರು. ಗರಿ ಹೋಗಿ ಬಟ್ಟೆ ಬಂತು, ರೆಜಿಮೆಂಟು ಹೋಗಿ ಮತ್ತೊಂದು ಬಂತು, ಕೆಂಪು ಮಾತ್ರ ಹೋಗಲಿಲ್ಲ. ‘ಮಾಡಿದ್ದು ಸರಿಯೋ ತಪ್ಪೋ ಎನ್ನುವುದು ಬೇರೆ ಮಾತು. ಮಾಡಿದವರು ನಾವು ಎನ್ನುವುದಕ್ಕೆ ಎದೆ ಬೇಕು. ನನ್ನ ವಿಭಾಗದಲ್ಲಿ ಯಾರೂ ಇನ್ನೊಬ್ಬರ ಬೆನ್ನ ಹಿಂದೆ ಅಡಗುವುದಿಲ್ಲ.’ ಇಷ್ಟು ಹೇಳಿ ಕುಳಿತುಬಿಡುತ್ತಿದ್ದರು.

ಆಮೇಲೆ ಮೇಜಿನ ಮೇಲೆ ಒಂದು ಗಾಜಿನ ಬಟ್ಟಲು ಬರುತ್ತಿತ್ತು. ಅದರಲ್ಲಿ ಅವರ ಹೆಂಡತಿ ಬೀಟ್‌ರೂಟ್ ಕುದಿಸಿ ಇಳಿಸಿದ ಕೆಂಪು ನೀರು. ಹೊಸಬರು ಒಬ್ಬೊಬ್ಬರಾಗಿ ಎದ್ದು ಹೋಗಿ ಬಿಳಿಯ ಬಾತುಕೋಳಿ ಗರಿಯೊಂದನ್ನು ಅದರಲ್ಲಿ ಅದ್ದಬೇಕು. ಉಳಿದವರು ಮೇಜು ಗುದ್ದುತ್ತಾರೆ. ನನ್ನ ಸರದಿ ಬಂದಾಗ ಆ ಬಟ್ಟಲಲ್ಲಿ ನನಗೆ ಕಂಡದ್ದು ಆರತಿಯ ಕೆಂಪು ನೀರು. ಹೊಸಿಲಲ್ಲಿ ನಿಲ್ಲಿಸಿ ನೀವಾಳಿಸಿ ಒಳಗೆ ಕರೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಕಣ್ಣು ತುಂಬಿ ಬಂತು. ಬಂದು ಎರಡೇ ತಿಂಗಳಾಗಿದ್ದ ದೇಶದಲ್ಲಿ ನನ್ನನ್ನು ಯಾರೋ ತಮ್ಮವಳೆಂದಿದ್ದರು.

ಕಥೆ ನನಗೆ ತಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಧಾರವಾಡದಲ್ಲಿ ಕಿತ್ತೂರಿನ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರಿನ ಒಂದು ಕಲ್ಲಿನ ಕಂಬವಿದೆ. ಶಾಲೆಯಲ್ಲಿ ನಾವು ಕಿತ್ತೂರಿನ ಗೆಲುವನ್ನು ಹಾಡಿ ಕುಣಿದು ಬಂದರೆ, ಆ ಕಲ್ಲು ಅದೇ ಯುದ್ಧಕ್ಕಾಗಿ ಅಳುತ್ತ ನಿಂತಿರುತ್ತಿತ್ತು. ಹೀಗೆ ಎಲ್ಲರೂ ತಮ್ಮ ಸತ್ತವರನ್ನು ನೆನೆಯುವುದು ನನಗೆ ಗೊತ್ತಿತ್ತು. ತಾವು ಕೊಂದದ್ದನ್ನು ತಲೆಯ ಮೇಲೆ ಧರಿಸಿ, ಹೌದು ನಾವೇ ಎನ್ನುವವರನ್ನು ಮಾತ್ರ ಕಂಡಿರಲಿಲ್ಲ. ಇವರು ಬೇರೆಯೇ ಜನ ಅಂದುಕೊಂಡೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಆಗ ಗ್ರೀನ್‌ಫರ್ಡಿನ ಒಂದು ಗೋದಾಮಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ. ಸಟನ್‌ನಿಂದ ಅಲ್ಲಿಗೆ ಹೋಗಿಬರುವಷ್ಟರಲ್ಲಿ ಹಣ್ಣಾಗಿರುತ್ತಿದ್ದ. ಸಾಕ್ಸು ಬಿಚ್ಚುತ್ತಲೇ ಕೇಳಿಸಿಕೊಂಡ.

“ಕಥಿ ಛಲೋ ಐತಿ. ನಿಮ್ಮ ಸಾಹೇಬ್ರು ತಮ್ಮ ಗರಿ ಅದ್ದಿದ್ರೇನು?”

“ಅವ್ರ್ಯಾಕ ಅದ್ದತಾರ್ರೀ? ಅವ್ರು ಕೊಡೋರು.”

“ಹಂಗಾರ ಸರಿ ಬಿಡು,” ಎಂದು ನಕ್ಕು ತಟ್ಟೆ ಹಾಕಿಕೊಳ್ಳಲು ಎದ್ದ. ಅವನು ಎಲ್ಲದಕ್ಕೂ ಕೊಂಕು ತೆಗೆಯುವ ಮನುಷ್ಯ ಎಂದು ನನಗೆ ಸಿಟ್ಟು ಬಂದಿತ್ತು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಗರಿಯನ್ನು ಗಣಪತಿಯ ಪಕ್ಕ ಇಟ್ಟೆ.

ನಮ್ಮ ಕೆಲಸದ ರೀತಿಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಿರಿಯ ವೈದ್ಯರು ನಿರ್ಧಾರ ಹೇಳುತ್ತಾರೆ; ಕಿರಿಯರು ಅದನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಔಷಧಿಯ ಎದುರು ಬೀಳುವ ಹೆಸರು ಬರೆದವರದು, ಹೇಳಿದವರದಲ್ಲ. ವಾರ್ಡಿನ ಸುತ್ತು ಹಾಕುವಾಗ ಹೇಳಿದ ಮಾತಾದರೆ ಪಕ್ಕದಲ್ಲಿ ನರ್ಸು ಇರುತ್ತಾಳೆ, ಇನ್ನೊಬ್ಬ ವೈದ್ಯ ಇರುತ್ತಾನೆ, ಯಾರು ಹೇಳಿದರೆಂದು ದಾಖಲಾಗುತ್ತದೆ. ಆದರೆ ದೊಡ್ಡವರ ಮಾತೆಲ್ಲ ಸುತ್ತಿನ ಹೊತ್ತಿಗೇ ಬರುವುದಿಲ್ಲ. ಕಾರಿಡಾರಿನಲ್ಲಿ ಬರುತ್ತದೆ, ಕಾಫಿಯ ಸಾಲಿನಲ್ಲಿ ಬರುತ್ತದೆ. ನನಗದು ಬಂದದ್ದು ಲಿಫ್ಟಿನಲ್ಲಿ.

ಬಸ್ ಓಡಿಸಿ ನಿವೃತ್ತರಾದ ಒಬ್ಬ ಮುದುಕರಿಗೆ ಆ ದಿನ ಬೆಳಿಗ್ಗೆ ಸರ್ ಕರುಳಿನ ಆಪರೇಷನ್ ಮಾಡಿದ್ದರು. ಅವರ ಹೃದಯದ ಬಡಿತ ತಾಳ ತಪ್ಪಿದ್ದು. ಅದಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುತ್ತಿದ್ದವರು, ಆಪರೇಷನ್ನಿಗಾಗಿ ನಿಲ್ಲಿಸಿದ್ದರು. ಅದನ್ನು ಮತ್ತೆ ಯಾವಾಗ ಶುರು ಮಾಡುವುದೆನ್ನುವುದು ನಾಜೂಕಿನ ಲೆಕ್ಕ. ಬೇಗ ಕೊಟ್ಟರೆ ಹೊಲಿಗೆಯಲ್ಲಿ ರಕ್ತ ಒಸರುತ್ತದೆ, ತಡವಾದರೆ ರಕ್ತ ಹೆಪ್ಪುಗಟ್ಟಿ ತಲೆಗೆ ಏರುತ್ತದೆ. ಮಧ್ಯಾಹ್ನ ಊಟಕ್ಕೆಂದು ಲಿಫ್ಟಿನಲ್ಲಿ ಇಳಿಯುತ್ತಿದ್ದೆವು, ನಾವಿಬ್ಬರೇ. ಸರ್ ಫೋನು ನೋಡುತ್ತಲೇ, ಅವರಿಗೆ ಸಂಜೆಯಿಂದಲೇ ಅದೇ ಬಗೆಯ ಔಷಧಿಯ ಪೂರ್ತಿ ಪ್ರಮಾಣದ ಇಂಜೆಕ್ಷನ್ ಶುರು ಮಾಡು ಎಂದರು. ನಾಳೆಯವರೆಗೆ ಕಾಯೋಣವೇ ಸರ್ ಎಂದೆ. ಬೇಡ, ಇವನಿಗೆ ರಕ್ತ ಹೆಪ್ಪುಗಟ್ಟಿದರೆ ಕಷ್ಟ, ಶುರು ಮಾಡು ಎಂದರು. ಬಾಗಿಲು ತೆರೆಯಿತು. ಅವರು ಎಡಕ್ಕೆ ಹೋದರು. ನಾನು ವಾಪಸು ಮೇಲೆ ಹೋಗಿ ಬರೆದೆ.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಆ ಹಾಸಿಗೆ ಖಾಲಿಯಾಗಿತ್ತು. ಹೊಟ್ಟೆಯಲ್ಲಿ ರಕ್ತ ತುಂಬಿ ಮತ್ತೆ ಆಪರೇಷನ್ನಿಗೆ ಒಯ್ದಿದ್ದರು. ಮುದುಕರು ಸಾಯಲಿಲ್ಲ. ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಮಲಗಿ ಎದ್ದವರು ತಾವಾಗಿ ನಡೆಯುವಂತಾಗಲಿಲ್ಲ, ತಮ್ಮ ಮನೆಗೂ ಹೋಗಲಿಲ್ಲ. ಮಗಳು ಅವರನ್ನು ಆರೈಕೆ ಗೃಹಕ್ಕೆ ಸೇರಿಸಬೇಕಾಯಿತು. ಲಂಡನ್ನಿನ ಬೀದಿಗಳೆಲ್ಲ ಕಾಲ ಕೆಳಗಿದ್ದ ಮನುಷ್ಯ. ಆಪರೇಷನ್ನಿನ ಹಿಂದಿನ ದಿನ ನನ್ನ ಮನೆಯ ರಸ್ತೆ ಯಾವುದೆಂದು ಕೇಳಿ, ಯಾವ ಬಸ್ಸು ಎಲ್ಲಿ ತಿರುಗುತ್ತದೆಂದು ಕೈಸನ್ನೆಯಲ್ಲಿ ಸ್ಟೀರಿಂಗ್ ತಿರುಗಿಸಿ ತೋರಿಸಿದ್ದರು. ಆ ಕೈಗಳು ನನಗೆ ಈಗಲೂ ಕಾಣುತ್ತವೆ.

ಏನಾಯಿತೆಂದು ನೋಡಲು ಒಂದು ಸಭೆ ಕರೆದರು. ಸರ್, ವಿಭಾಗದ ಮ್ಯಾನೇಜರ್, ವಾರ್ಡಿನ ಮುಖ್ಯ ನರ್ಸ್, ನಾನು. ಇಂಜೆಕ್ಷನ್ ಅಷ್ಟು ಬೇಗ ಶುರುವಾದದ್ದು ಹೇಗೆ ಎಂದು ಮ್ಯಾನೇಜರ್ ಕೇಳಿದಳು. ಸರ್ ನನ್ನ ಕಡೆ ನೋಡಿದರು, ಪ್ರೀತಿಯಿಂದಲೇ ನೋಡಿದರು.

ನಾನು ಹೇಳಿದೆ: ‘ನಾನು ಬರೆದದ್ದು. ತಪ್ಪಾಯಿತು ಸರ್.’

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರ ಮುಂದೆ ತಪ್ಪಾತ್ರಿ ಅನ್ನುವುದು ಕಟಕಟೆಯಲ್ಲಿ ನಿಂತು ಒಪ್ಪಿಕೊಂಡಂತಲ್ಲ. ಕಿರಿಯರು ಮೊದಲು ಬಾಗುತ್ತಾರೆ; ಹಿರಿಯರು, ಇರಲಿ ಬಿಡವಾ, ನಾನೂ ನೋಡಬೇಕಿತ್ತು ಎಂದು ತಮ್ಮ ಪಾಲಿನದನ್ನು ತಾವು ಎತ್ತಿಕೊಳ್ಳುತ್ತಾರೆ. ಹಾಗೆ ಎರಡೂ ಕಡೆಯಿಂದ ಹಿಡಿದರೆ ಭಾರ ಕೆಳಗಿಳಿಯುತ್ತದೆ. ಅಪ್ಪ ಅಮ್ಮ, ಮಾಸ್ತರರು, ಊರಿನ ಮೆಡಿಕಲ್ ಕಾಲೇಜಿನ ಸಿಡುಕು ಪ್ರೊಫೆಸರು, ಎಲ್ಲರ ಹತ್ತಿರವೂ ನಾನು ಹಾಗೆಯೇ ನಡೆದುಕೊಂಡವಳು. ಮೇಲಾಗಿ ನನ್ನ ತಲೆಯಲ್ಲಿ ಆ ಗರಿ ಇತ್ತು. ನಾನು ನನ್ನ ಗರಿ ಅದ್ದಿದ್ದೆ. ಈಗ ಅವರು ತಮ್ಮದನ್ನು ಅದ್ದುತ್ತಾರೆ, ಹೇಳಿದವನು ನಾನು ಅನ್ನುತ್ತಾರೆ ಎಂದು ಕಾಯುತ್ತ ಕುಳಿತೆ. ಅನುಮಾನದ ಒಂದು ಎಳೆಯೂ ಇರಲಿಲ್ಲ.

ಸರ್ ಮುಂದಕ್ಕೆ ಬಾಗಿ ನನ್ನ ತೋಳು ತಟ್ಟಿದರು. ‘ಹೀಗೆ ಹೇಳುವುದು ಸುಲಭವಲ್ಲ’ ಎಂದರು. ಆಮೇಲೆ ಉಳಿದಿಬ್ಬರ ಕಡೆ ತಿರುಗಿ, ‘ಇದು ಕೆಂಪು ಗರಿ’ ಎಂದರು.

ಅಷ್ಟೇ. ಮುಖ್ಯ ನರ್ಸ್ ತಲೆಯಾಡಿಸಿದಳು, ಮ್ಯಾನೇಜರ್ ಬರೆದುಕೊಂಡಳು. ಸಭೆ ಮುಗಿಯಿತು. ನಾನು ಇನ್ನೂ ಕಾಯುತ್ತಲೇ ಇದ್ದೆ. ಎಲ್ಲರೂ ಕುರ್ಚಿ ಸರಿಸಿ ಎದ್ದ ಮೇಲೂ, ಬಾಗಿಲಲ್ಲಾದರೂ ಹೇಳುತ್ತಾರೇನೋ ಎಂದು ಹಿಂದೆಯೇ ಹೋದೆ. ಅವರು ನನಗಾಗಿ ಬಾಗಿಲು ಹಿಡಿದು ನಿಂತರು. ಸಭ್ಯರು.

ಆ ರಾತ್ರಿ ಅನ್ನ ಕಲಸಿಕೊಂಡು ಕುಳಿತು, ನಡೆದದ್ದನ್ನೆಲ್ಲ ಹೇಳಿದೆ. ಗಂಡ ಎಲ್ಲ ಕೇಳಿದ.

“ಲಿಫ್ಟಿನ್ಯಾಗ ಅವ್ರs ಹೇಳಿದ್ದು ಅಂತ ಯಾಕ ಹೇಳ್ಲಿಲ್ಲ ನೀ?”

“ಅವ್ರು ಹೇಳ್ತಾರಂತ ಮಾಡಿದ್ದೆ.”

“ಅವ್ರು ಯಾಕ ಹೇಳ್ತಾರ?”

“ಪ್ರತಿ ವರ್ಷ ಎಲ್ಲಾರ ಮುಂದ ಎದ್ದು ನಿಂತು ಅದನ್ನs ಹೇಳ್ತಾರಲ್ರೀ!”

ಅವನು ಈ ಸಲ ನಗಲಿಲ್ಲ. ತಟ್ಟೆಯನ್ನು ಅತ್ತ ಸರಿಸಿ ನನ್ನ ಎಂಜಲು ಕೈಯನ್ನೇ ಹಿಡಿದುಕೊಂಡು ಕುಳಿತ.

ಆಮೇಲೆ ವೈದ್ಯರ ಲೈಸೆನ್ಸು ನೋಡಿಕೊಳ್ಳುವ ಮಂಡಳಿಯ ವಿಚಾರಣೆ ಶುರುವಾಯಿತು. ಆಗ ಲಿಫ್ಟಿನ ಮಾತು ಹೇಳಿದೆ. ಮೊದಲ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಇದ್ದ ಉತ್ತರ ಇಂಗ್ಲಿಷಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಹಿರಿಯರು ಹೇಳುತ್ತಾರೆಂದು ಕಾದೆ ಎಂದರೆ ಅವರಿಗೆ ಅದು ಸುಳ್ಳು ಹೇಳಿ ಸಿಕ್ಕಿಬಿದ್ದವಳ ತೊದಲಿನಂತೆ ಕೇಳಿಸಿತು. ಸರ್ ತಮಗೆ ಅಂಥ ಮಾತು ನಡೆದ ನೆನಪಿಲ್ಲವೆಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಬಗೆ. ಅವಳು ಪ್ರಾಮಾಣಿಕಳು, ಈಗ ಒತ್ತಡದಲ್ಲಿದ್ದಾಳೆ, ಅವಳ ಮೊದಲ ಮಾತೇ ಅವಳ ನಿಜವಾದ ಮಾತು ಎಂದೂ ಸೇರಿಸಿದರು. ನನ್ನ ಹೊಗಳಿಕೆಯಿಂದಲೇ ನನ್ನ ಬಾಯಿ ಕಟ್ಟಿದರು.

ನಮ್ಮ ಮನೆಯ ನಾಲ್ಕೂ ಕಾಲು ನಿಂತಿದ್ದದ್ದು ನನ್ನ ಆ ಕೆಲಸದ ಮೇಲೆ. ವೀಸಾ ನನ್ನ ಹೆಸರಿನದು, ಗಂಡ ಮಗಳು ಅದರ ಬಾಲ. ಲೈಸೆನ್ಸು ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಸಟನ್‌ಗೆ ಬಂದದ್ದೇ ಇಲ್ಲಿನ ಗ್ರಾಮರ್ ಸ್ಕೂಲಿಗಾಗಿ, ಫೀಸಿಲ್ಲದೆ ಚೆನ್ನಾಗಿ ಕಲಿಸುವ ಸರಕಾರಿ ಶಾಲೆ ಅದು. ಮಗಳು ಆ ವರ್ಷ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಒಂದು ದಿನ ಗಣಿತದ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: “ಅಮ್ಮಾ, ಆರ್ ವಿ ಗೋಯಿಂಗ್ ಬ್ಯಾಕ್?”

“ಇಲ್ಲ ಬಂಗಾರ. ನೀ ಓದು.”

“ದೆನ್ ವೈ ಆರ್ ಯೂ ಕ್ರೈಯಿಂಗ್?”

ಎಜ್‌ವೇರಿನಲ್ಲಿ ಮೈಸೂರಿನ ವೈದ್ಯ ದಂಪತಿಯ ಮನೆಯಲ್ಲಿ ಆ ಸಲದ ದೀಪಾವಳಿ ಊಟ. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಮನೆಯೊಡತಿ ಹೋಳಿಗೆ ಬಡಿಸುತ್ತ ಸಮಾಧಾನ ಹೇಳಿದರು: “ಏನೇ ಆಗ್ಲಿ, ಇಲ್ಲಿ ಜನ ಫೇರ್ ಅಲ್ವಾ? ಒಪ್ಕೊಂಡ್ರೆ ಕ್ಷಮಿಸ್ತಾರೆ. ನಮ್ಮಲ್ಲಾಗಿದ್ರೆ ಆಸ್ಪತ್ರೆಗೇ ಕಲ್ಲು ಹೊಡೀತಿದ್ರು.” ಸುತ್ತಲಿದ್ದವರು ಹೌದು ಹೌದು ಎಂದರು. ಸಾಲಾಗಿ ಕುಳಿತ ಅಷ್ಟು ವೈದ್ಯರಲ್ಲಿ ಒಬ್ಬರೂ, ಹೇಳಿದವರು ಯಾರು ಎಂದು ಕೇಳಲಿಲ್ಲ. ಅವರೆಲ್ಲರಿಗೂ ಅಂಥ ಒಂದೊಂದು ಲಿಫ್ಟು ಇದ್ದಿರಬೇಕು. ಅದಕ್ಕೇ ಕೇಳಲಿಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೊನೆಗೆ ಲೈಸೆನ್ಸು ಉಳಿಯಿತು. ನನ್ನ ಹೆಸರಿನ ಮುಂದೆ ಒಂದು ಎಚ್ಚರಿಕೆ ಕುಳಿತುಕೊಂಡಿತು. ಹಿರಿಯ ಸರ್ಜನ್ ಆಗಲು ಬೇಕಾದ ತರಬೇತಿಗೆ ಸಿಗಬೇಕಿದ್ದ ಜಾಗ ಹೋಯಿತು. ನನಗಿಂತ ತಡವಾಗಿ ಬಂದವರು ಮುಂದೆ ಹೋದರು. ನಾನು ಅದೇ ವಾರ್ಡಿನಲ್ಲಿ, ಅದೇ ಹುದ್ದೆಯಲ್ಲಿ ಉಳಿದೆ. ಬಿಟ್ಟು ಹೋಗಬಾರದಿತ್ತೇ ಎಂದು ಕೇಳುವವರಿದ್ದಾರೆ. ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಈಗಿನ ಹಿರಿಯರು ನಾಲ್ಕು ಒಳ್ಳೆಯ ಮಾತು ಬರೆಯಬೇಕು. ಈಗಿನ ಹಿರಿಯರು ಯಾರು?

ಆ ಕಾಲದಲ್ಲೇ ಒಂದು ದಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ಬರುವ ರೈಲು ನಡುದಾರಿಯಲ್ಲಿ ನಿಂತುಬಿಟ್ಟಾಗ, ಫೋನಿನಲ್ಲಿ ಪೇಯೋಲಿಯ ಬಗ್ಗೆ ಹುಡುಕಿ ಓದಿದೆ. ಅಲ್ಲಿ ಸತ್ತವರಿಗೆ ಅಮೆರಿಕದವರು ಕಲ್ಲು ನಿಲ್ಲಿಸಿದ್ದಾರೆ, ಈಗಲೂ ಕಗ್ಗೊಲೆ ಎಂದೇ ಕರೆಯುತ್ತಾರೆ. ಗರಿಯ ಕಥೆಯೂ ಇತ್ತು. ಅದೆಷ್ಟು ನಿಜವೋ ಕಾಣೆ. ರೆಜಿಮೆಂಟುಗಳ ಕಥೆ ತಲೆಮಾರಿನಿಂದ ತಲೆಮಾರಿಗೆ ಹೊಳಪು ಏರಿಸಿಕೊಳ್ಳುತ್ತದೆ. ನಾನು ಹುಡುಕುತ್ತಿದ್ದದ್ದು ಇನ್ನೊಂದನ್ನು. ಬಂದೂಕಿನ ಕಲ್ಲು ತೆಗೆಸಿದ ಆ ಜನರಲ್ ಏನಾದ? ಏನೂ ಆಗಲಿಲ್ಲ. ಕಲ್ಲು ತೆಗೆಸಿದ್ದಕ್ಕೆ ಅವನಿಗೊಂದು ಅಡ್ಡಹೆಸರು ಬಂತು, ಸೈನ್ಯದವರು ಅದನ್ನು ಮೆಚ್ಚುಗೆಯಿಂದ ಹೇಳುತ್ತಿದ್ದರು, ಅವನು ಇನ್ನೂ ದೊಡ್ಡ ಹುದ್ದೆಗೆ ಏರಿದ. ಗರಿ ಅದ್ದಿದವರು ಕೆಳಗಿನ ತುಕಡಿಯವರು, ಕತ್ತಲಲ್ಲಿ ಮುಂದೆ ಕಳಿಸಲ್ಪಟ್ಟವರು. ಹುಡುಕಿ ಕೊಲ್ಲಿ ಎಂದು ತಲೆಯೊಡ್ಡಿದವರು ಅವರು. ಅಪ್ಪಣೆ ಕೊಟ್ಟವನ ಟೋಪಿಗೆ ಯಾರೂ ಕೆಂಪು ಹಚ್ಚಲಿಲ್ಲ, ಅವನೂ ಕೇಳಲಿಲ್ಲ.

ರೈಲು ಹೊರಟಿತು. ನಾನು ನಗತೊಡಗಿದೆ. ಎದುರಿನ ಹೆಂಗಸು ಸೀಟು ಬದಲಿಸಿದಳು. ಸರ್ ನನಗೆ ಸುಳ್ಳು ಹೇಳಿರಲೇ ಇಲ್ಲ. ಕಥೆ ಮೊದಲಿನಿಂದಲೂ ಇದನ್ನೇ ಹೇಳುತ್ತಿತ್ತು.

ಮನೆಗೆ ಬಂದು ಗರಿಯನ್ನು ದೇವರ ಗೂಡಿನಿಂದ ತೆಗೆದೆ. ಕಸದ ಡಬ್ಬಿಯ ಮುಚ್ಚಳ ತೆರೆದೆ, ಕೈ ಮುಂದಾಗಲಿಲ್ಲ. ಎರಡು ನವರಾತ್ರಿ ಕುಂಕುಮ ಹಚ್ಚಿಸಿಕೊಂಡ ವಸ್ತು. ಪೂಜೆ ಮಾಡಿದ್ದನ್ನು ಹರಿಯುವ ನೀರಿಗೆ ಬಿಡಬೇಕು. ಹತ್ತಿರದ ಹೊಳೆಗೆ ಬಿಟ್ಟು ಬರುತ್ತೇನೆಂದರೆ ಗಂಡ, “ಕೌನ್ಸಿಲ್‌ನವ್ರು ಕಸ ಚೆಲ್ಲಿದ್ದಕ್ಕ ದಂಡಾ ಹಾಕ್ತಾರ ನೋಡು, ಅದಕ್ಕೂ ನಾನs ಅಂತ ಒಪ್ಪಿಕೊಂಡು ಬರ್ತಿ,” ಎಂದ. ಇಬ್ಬರೂ ನಕ್ಕೆವು, ನಗುತ್ತ ನಗುತ್ತ ನನಗೆ ಅಳು ಬಂತು. ಗರಿ ಈಗ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ ಹಳೆಯ ಬ್ಯಾಟರಿಗಳ ಜತೆ ಇದೆ.

ಕಳೆದ ಚಳಿಗಾಲದ ಊಟಕ್ಕೂ ಹೋಗಿದ್ದೆ. ಹೋಗದಿದ್ದರೆ ಮುನಿಸಿಕೊಂಡಿದ್ದಾಳೆ ಎನ್ನುತ್ತಾರೆ. ಅದೇ ಮಹಡಿ, ಅದೇ ಅಣಬೆ. ಸರ್‌ಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೆಯೇ ಇದೆ. ಕಥೆ ಹೇಳಿದರು. ಕಿಡಿಕಲ್ಲು, ಬಯೋನೆಟ್ಟು, ಶಪಥ, ಗರಿ. ಯಾರೂ ಇನ್ನೊಬ್ಬರ ಬೆನ್ನ ಹಿಂದೆ ಅಡಗುವುದಿಲ್ಲ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಹೊಸಬರ ಕಡೆ ನೋಡಿದರು. ನಾನು ಕೈಯೆತ್ತಿದೆ.

‘ಸರ್, ಅಪ್ಪಣೆ ಕೊಟ್ಟ ಜನರಲ್ ಕೂಡ ಕೆಂಪು ಗರಿ ಹಾಕಿಕೊಂಡನೇ?’

ಅವರ ಕಣ್ಣಲ್ಲಿ ಏನಾದರೂ ಕದಲುತ್ತದೆಯೇ ಎಂದು ನೋಡುತ್ತಿದ್ದೆ. ಏನೂ ಇಲ್ಲ. ಅವರಿಗೆ ಪ್ರಶ್ನೆ ನಿಜಕ್ಕೂ ಇಷ್ಟವಾಯಿತು. ‘ಛೆ ಛೆ, ಇಲ್ಲ! ಅವನು ಆ ತುಕಡಿಗೆ ಸೇರಿದವನೇ ಅಲ್ಲವಲ್ಲ’ ಎಂದು ಬಾಯ್ತುಂಬ ನಕ್ಕರು. ‘ಗೆದ್ದ ಸುದ್ದಿ ಬರೆದು ಕಳಿಸಲು ಒಬ್ಬನಾದರೂ ಉಳಿಯಬೇಡವೇ?’

ಎಲ್ಲರೂ ನಕ್ಕು ಮೇಜು ಗುದ್ದಿದರು. ಬೀಟ್‌ರೂಟಿನ ಬಟ್ಟಲು ಬಂತು.

ಆ ವರ್ಷದ ಹೊಸಬರಲ್ಲಿ ಮೈಸೂರಿನ ಒಬ್ಬ ಹುಡುಗಿಯಿದ್ದಳು. ಸೇರಿದ ವಾರದಿಂದಲೇ ನನ್ನನ್ನು ಅಕ್ಕಾ ಎಂದು ಕರೆಯುತ್ತ, ಡಬ್ಬಿಯಲ್ಲಿದ್ದ ಉಪ್ಪಿಟ್ಟು ಹಂಚಿಕೊಳ್ಳುತ್ತ ಹತ್ತಿರವಾಗಿದ್ದವಳು. ಕೋಟು ತೂಗುಹಾಕಿದ್ದ ಮೂಲೆಯಲ್ಲಿ ಸಿಕ್ಕಳು. ಒದ್ದೆ ಗರಿಯನ್ನು ಟಿಶ್ಯೂವಿನಲ್ಲಿ ಸುತ್ತಿ ಹಕ್ಕಿಮರಿ ಹಿಡಿದಂತೆ ಹಿಡಿದಿದ್ದಳು. ಕಣ್ಣುಗಳು ಹೊಳೆಯುತ್ತಿದ್ದವು.

“ಅಕ್ಕಾ, ಎಷ್ಟು ಚೆನ್ನಾಗಿ ಹೇಳ್ತಾರಲ್ವಾ ಸರ್? ನಂಗೆ ಮೈ ಜುಮ್ ಅಂತು.”

“ಅದನ್ನ ಒಯ್ದು ದೇವ್ರ ಮುಂದ ಇಡಬ್ಯಾಡವಾ,” ಎಂದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ಅವಳ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡೆ.

“ನಗಬ್ಯಾಡ, ಕೇಳಿಲ್ಲೆ. ಸರ್ ಬರೇ ಬಾಯಿಮಾತಿನ್ಯಾಗ ಏನರ ಹೇಳಿದ್ರ ಹಂಗs ಬರೀಬ್ಯಾಡ. ನರ್ಸ್ ಮುಂದ ಇನ್ನೊಮ್ಮೆ ಹೇಳಸು. ಯಾರು ಹೇಳಿದ್ರು ಅಂತ ಅವ್ರ ಹೆಸ್ರು ಹಾಕು. ಸಿಟ್ಟಾದ್ರ ಆಗ್ಲಿ.”

ಅವಳ ಮುಖ ಚಿಕ್ಕದಾಯಿತು. ನನ್ನ ಕೈಯಿಂದ ಮೆಲ್ಲಗೆ ಮೊಣಕೈ ಬಿಡಿಸಿಕೊಂಡಳು. ಹಿರಿಯಳ ಮಾತಿಗೆ ಎದುರಾಡುವ ಸಂಕೋಚ ಅವಳಿಗೆ, ಆದರೂ ಹೇಳಿದಳು.

“ಅವ್ರು ಅಂಥೋರಲ್ಲ ಅಕ್ಕಾ. ನಿಮ್ ಮೇಲೆ ಎಷ್ಟು ಗೌರವ ಗೊತ್ತಾ ಅವ್ರಿಗೆ? ನಾನು ಸೇರಿದ ಮೊದಲನೇ ದಿನಾನೇ, ಆ ಬಿಲ್ಲೆ ತೋರಿಸಿ ನಿಮ್ ಕಥೆ ಹೇಳಿದ್ರು. ಗರಿ ಅದ್ದೋರು ತುಂಬಾ ಜನ, ಅದನ್ನ ನಿಜವಾಗ್ಲೂ ನಡೆಸಿ ತೋರಿಸಿದ್ದು ಇವರೊಬ್ರೇ ಅಂತ. ಎಲ್ಲ ಹೊಸಬರಿಗೂ ಹೇಳ್ತಾರಂತೆ. ನಾನು ನಿಮ್ಮನ್ನ ಹುಡುಕ್ಕೊಂಡು ಬಂದು ಮಾತಾಡಿಸಿದ್ದೇ ಅದಕ್ಕೆ.”

ಕೆಳಗೆ ಪಬ್ಬಿನಲ್ಲಿ ಟಿವಿಯ ಫುಟ್‌ಬಾಲ್ ನೋಡುತ್ತ ಯಾರೋ ಗೋಲಾಯಿತೆಂದು ಕೂಗುತ್ತಿದ್ದರು. ಪಕ್ಕದಲ್ಲಿ ಸರ್ ತಮ್ಮ ಹೆಂಡತಿಗೆ ಕೋಟು ತೊಡಿಸುತ್ತಿದ್ದರು. ನನ್ನನ್ನು ಕಂಡು ತಲೆಬಾಗಿಸಿದರು. ನಾನೂ ಬಾಗಿಸಿದೆ. ಅಭ್ಯಾಸ.

“ಮತ್ತ ಲಿಫ್ಟಿನ ಮಾತು ಹೇಳಿದ್ರೇನು?” ಎಂದು ಆ ಹುಡುಗಿಯನ್ನು ಕೇಳಿದೆ.

“ಯಾವ ಲಿಫ್ಟು ಅಕ್ಕಾ?” ಎಂದಳು.